ಮಿಷನ್ ಆಸ್ಪತ್ರೆಯಿಂದ ಹೊರಟ ಮಗು

ಮೇ ತಿಂಗಳ ಮೊದಲ ದಿನ. ಉಡುಪಿಯ ಸೆಕೆ ಎಂದರೆ ಏನೆಂಬುದು ಆ ದಿನಗಳಲ್ಲಿ ಅಲ್ಲಿದ್ದವರಿಗೇ ಗೊತ್ತು. ಮಳೆ ಬರುವುದಕ್ಕೆ ಇನ್ನೂ ಒಂದು ತಿಂಗಳು ಇರುತ್ತದೆ. ಬಾವಿಯ ನೀರು ತಳ ಕಂಡಿರುತ್ತದೆ, ಹಲಸಿನ ಹಣ್ಣಿನ ವಾಸನೆ ಅಂಗಳ ದಾಟಿ ಬೀದಿಗೆ ಬಂದಿರುತ್ತದೆ, ಶಾಲೆಗಳಿಗೆ ರಜೆ. 1970ರ ಅಂಥದೊಂದು ಮೇ 1ರಂದು ಉಡುಪಿಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಊರಿನವರ ಬಾಯಲ್ಲಿ ಅದು ಅಂದಿಗೂ ಇಂದಿಗೂ ಮಿಷನ್ ಆಸ್ಪತ್ರೆ. ಉಡುಪಿ ಆಗ ಜಿಲ್ಲೆಯಾಗಿರಲಿಲ್ಲ, ದಕ್ಷಿಣ ಕನ್ನಡದ ಒಂದು ತಾಲೂಕು ಕೇಂದ್ರ. ರಾಜ್ಯಕ್ಕೂ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ.

ಹೆತ್ತ ತಾಯಿ ಆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಡಾ. ಫ್ಲುಗ್‌ಫೆಲ್ಡರ್ ಅವರಲ್ಲಿ ಆಕೆ ಒಂದು ಮಾತು ಕೇಳಿಕೊಂಡರು. ಮಗುವನ್ನು ಚೆನ್ನಾಗಿ ಸಾಕಿ ಒಳ್ಳೆಯ ದಾರಿಗೆ ಹಚ್ಚುವಂಥ ದಂಪತಿಯ ಕೈಗೆ ಕೊಡಬೇಕು ಎಂಬುದೇ ಆ ಮಾತು. ಆಕೆಯ ವಿಷಯದಲ್ಲಿ ಹೊರಗಿನವರಿಗೆ ತಿಳಿದದ್ದು ಬಹುಮಟ್ಟಿಗೆ ಇಷ್ಟೇ, ಜೊತೆಗೆ ಒಂದು ಹೆಸರು. ಆ ಹೆಸರಿನ ಸಂಗತಿ ಮುಂದೆ ಬರುತ್ತದೆ.

ಕೇರಳದ ತಲಶ್ಶೇರಿಯಲ್ಲಿ ಆಗ ಸ್ವಿಟ್ಜರ್ಲೆಂಡಿನ ಗುಗ್ಗರ್ ದಂಪತಿ ನೆಲೆಸಿದ್ದರು. ಅಲ್ಲಿನ ತಾಂತ್ರಿಕ ತರಬೇತಿ ಸಂಸ್ಥೆಯೊಂದರಲ್ಲಿ ಅವರಿಗೆ ಕೆಲಸ. ಹುಟ್ಟಿ ಕೆಲವೇ ದಿನಗಳಾಗಿದ್ದ ಕೂಸು ಅವರ ಕೈ ಸೇರಿತು. ನಿಕ್ಲಾಸ್ ಸಾಮುಯೆಲ್ ಎಂದು ಹೆಸರಿಟ್ಟರು. ನಲವತ್ತೇಳು ವರ್ಷಗಳ ಬಳಿಕ, 2017ರ ನವೆಂಬರಿನಲ್ಲಿ, ಅದೇ ಮಗು ಸ್ವಿಟ್ಜರ್ಲೆಂಡಿನ ಸಂಸತ್ತಿನ ಕೆಳಮನೆಯಾದ ನ್ಯಾಷನಲ್ ಕೌನ್ಸಿಲ್ ಪ್ರವೇಶಿಸಿತು. ನಿಕ್ ಗುಗ್ಗರ್ ಭಾರತೀಯ ಮೂಲದಿಂದ ಆ ಸಂಸತ್ತಿಗೆ ಹೋದ ಮೊದಲಿಗರು ಎಂದು ಪತ್ರಿಕೆಗಳು ಬರೆದವು. ಉಡುಪಿಯಲ್ಲಿ ಹುಟ್ಟಿದ ಹುಡುಗ ಎಂದು ಓದಿ ಇಲ್ಲಿಯವರೂ ಸಂತೋಷಪಟ್ಟರು. ಸುದ್ದಿ ಅಲ್ಲಿಗೆ ಮುಗಿಯಿತು.

ದೊಡ್ಡವರಾದ ಮೇಲೆ ಹೆಮ್ಮೆಪಡುವುದು ಸುಲಭ. 1970ರ ಆ ಮೇ ತಿಂಗಳಲ್ಲಿ ಯಾರಿಗೆ ಏನು ಗೊತ್ತಿತ್ತು? ಒಂದು ಕಡೆ ಪರದೇಶದ ಗಂಡಹೆಂಡತಿ, ಇನ್ನೊಂದು ಕಡೆ ಹೆಸರೂ ಇಲ್ಲದ ಒಂದು ಕೂಸು, ನಡುವೆ ಅದನ್ನು ಎತ್ತಿಕೊಟ್ಟ ಎರಡು ಕೈಗಳು. ಆ ಭೇಟಿಯಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಉಡುಪಿಗೂ ಸ್ವಿಟ್ಜರ್ಲೆಂಡಿಗೂ ನಂಟು ಹೇಗೆ ಬಂತು ಎಂದು ಮಕ್ಕಳು ಕೇಳಬಹುದು. ಬಾಸೆಲ್ ಎಂಬ ಸ್ವಿಸ್ ಊರಿನ ಹೆಸರು ಹೊತ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅಚ್ಚುಕೂಟ, ಮಗ್ಗ, 1865ರಲ್ಲಿ ಹಂಚಿನ ಕಾರ್ಖಾನೆ, ಹೀಗೆ ಒಂದೊಂದಾಗಿ ಕಟ್ಟಿತು. ನಮ್ಮ ಹಳೆಯ ಮನೆಗಳ ಮಾಡಿನ ಕೆಂಪು ಹಂಚಿನ ಮೂಲ ಅಲ್ಲಿದೆ. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಬಂದದ್ದೂ ಅದೇ ಮಿಷನ್ನಿನ ಕೆಲಸದಿಂದ. ಉಡುಪಿಯ ಆಸ್ಪತ್ರೆಯನ್ನು 1923ರಲ್ಲಿ ಆರಂಭಿಸಿದವರು ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್. ಅತ್ತ ತಲಶ್ಶೇರಿಯಲ್ಲಿ ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಇದ್ದರು. ಅಲ್ಲಿನ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ತಾಂತ್ರಿಕ ತರಬೇತಿ ಪ್ರತಿಷ್ಠಾನ ಆರಂಭವಾಯಿತು. ಉಡುಪಿಯ ವೈದ್ಯರಿಗೂ ತಲಶ್ಶೇರಿಯ ದಂಪತಿಗೂ ಪರಸ್ಪರ ಸುದ್ದಿ ಮುಟ್ಟುವುದಕ್ಕೆ ನೂರಮೂವತ್ತು ವರ್ಷಗಳ ಈ ಹಾದಿ ಸವೆದಿತ್ತು.

ಗುಂಡರ್ಟರ ಹೆಸರು ಬಂತಲ್ಲ, ಒಂದು ಮಾತು. ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದಳು. ನಾಲ್ಕು ವರ್ಷದ ಆ ಹುಡುಗಿಯನ್ನು ಯುರೋಪಿನಲ್ಲಿ ಓದಲು ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಹೆತ್ತವರು ಬದುಕಿದ್ದೂ ಪರರ ಮನೆಗಳಲ್ಲಿ ಬೆಳೆದ ಆಕೆ ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯಾದಳು. ಕಡಲು ದಾಟಿ ಅಪರಿಚಿತ ಕೈಗಳಿಗೆ ಸೇರುವ ಮಗು ಎಂದರೆ ಯಾವಾಗಲೂ ಬಡವರ ಮಗು, ಕಪ್ಪು ಮಗು ಎಂದು ತಿಳಿಯಬೇಕಾಗಿಲ್ಲ.

ಉಡುಪಿಯಿಂದ ತಲಶ್ಶೇರಿಗೆ ಇನ್ನೂರು ಕಿಲೋಮೀಟರ್ ಮೀರಿದ ದಾರಿ. ಕೊಂಕಣ ರೈಲ್ವೆ ಬರುವುದಕ್ಕೆ ಆಗಿನ್ನೂ ಎರಡು ದಶಕಕ್ಕಿಂತ ಹೆಚ್ಚು ಕಾಯಬೇಕಿತ್ತು. ಕಡಲ ಪಕ್ಕದ ರಸ್ತೆ ಹಿಡಿದರೆ ಕಾಪು ಸಿಗುತ್ತದೆ. ಅಲ್ಲಿ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭ. ಒಳನಾಡಿನ ರಸ್ತೆಯಾದರೆ ಕಾರ್ಕಳ, ಮೂಡಬಿದಿರೆ. ಯಾವ ದಾರಿಯಿಂದ ಹೋದರೂ ಮೇ ತಿಂಗಳ ಬಿಸಿಲೇ, ಮಂಗಳೂರು ದಾಟಿ ಕಾಸರಗೋಡು ಮುಟ್ಟುವಷ್ಟರಲ್ಲಿ ದೊಡ್ಡವರೇ ಬಾಡುತ್ತಾರೆ. ಮಡಿಲಲ್ಲಿ ಮೊಲೆಹಾಲಿಲ್ಲದ ಎಳೆಗೂಸು ಇದ್ದರೆ ಆ ದಾರಿ ಎಷ್ಟು ಉದ್ದ ಎಂಬುದನ್ನು ಮಕ್ಕಳನ್ನು ಸಾಕಿದವರು ಊಹಿಸಬಲ್ಲರು.

ಇನ್ನು ಆ ಭೇಟಿಯ ವಿಷಯ. ದತ್ತು ಪಡೆಯುವ ತಂದೆತಾಯಿಗೆ ಅದು ಮೊದಲ ಭೇಟಿ, ಹಬ್ಬ. ಮಗುವಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಹೊಟ್ಟೆಯೊಳಗಿನ ಮಗುವಿಗೆ ಕೊನೆಯ ತಿಂಗಳುಗಳಲ್ಲಿ ಕಿವಿ ಕೇಳುತ್ತದೆ. ತಾಯಿಯ ದನಿ ನೀರಿನ ಮೂಲಕ, ಎಲುಬಿನ ಮೂಲಕ ಅದಕ್ಕೆ ತಲುಪುತ್ತಲೇ ಇರುತ್ತದೆ. 1980ರಲ್ಲಿ ಡಿಕಾಸ್ಪರ್ ಮತ್ತು ಫೈಫರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಒಂದು ಜಾಣ ಪ್ರಯೋಗ ಮಾಡಿದರು. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು, ಚೀಪುವ ಲಯ ಬದಲಾದರೆ ಕಿವಿಯಲ್ಲಿ ಬರುವ ದನಿಯೂ ಬದಲಾಗುವಂತೆ ಯಂತ್ರ ಹೊಂದಿಸಿದರು. ಒಂದು ಲಯಕ್ಕೆ ತಾಯಿಯ ದನಿ, ಇನ್ನೊಂದಕ್ಕೆ ಬೇರೆ ಹೆಂಗಸಿನ ದನಿ. ಶಿಶುಗಳು ತಾಯಿಯ ದನಿ ಬರುವ ಲಯವನ್ನೇ ಹಿಡಿದು ಚೀಪಿದವು! ವಾಸನೆಯ ವಿಷಯವೂ ಹೀಗೆಯೇ. ಆರು ದಿನದ ಮಗು ತನ್ನ ತಾಯಿಯ ಎದೆಗೆ ತಗುಲಿದ್ದ ಬಟ್ಟೆಯ ಕಡೆಗೇ ಮುಖ ತಿರುಗಿಸುತ್ತದೆ ಎಂದು 1975ರಷ್ಟು ಹಿಂದೆಯೇ ಗೊತ್ತಾಗಿತ್ತು.

ಎಂದರೆ, ಹೊಸ ಅಮ್ಮನ ಕೈಗೆ ಬರುವ ಕೂಸು ಬರೀ ಹಲಗೆಯಲ್ಲ, ಅದರಲ್ಲಿ ಆಗಲೇ ಏನೋ ಬರೆದಿದೆ. ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಕೇಳಿದ ದನಿ ಒಂದು ದಿನ ನಿಂತುಹೋಗಿದೆ. ಇದನ್ನು ದತ್ತು ತಂದೆತಾಯಿಯರನ್ನು ಹೆದರಿಸಲು ಹೇಳುತ್ತಿಲ್ಲ. ಮೊದಲ ವಾರಗಳಲ್ಲಿ ಮಗು ಸಕಾರಣವಿಲ್ಲದೆ ಅತ್ತರೆ, ಎತ್ತಿಕೊಂಡರೂ ಬಿಗಿದುಕೊಂಡರೆ, ನಮ್ಮನ್ನು ಇದು ಒಪ್ಪಲಿಲ್ಲವೆಂದು ಕಣ್ಣೀರು ಹಾಕುವ ತಾಯಂದಿರಿದ್ದಾರೆ. ಅದು ಒಪ್ಪದಿರುವುದಲ್ಲ, ಹುಡುಕುವುದು.

ಹುಡುಕಾಟ ನಿಲ್ಲುವುದು ಹೇಗೆ? ಹಾಲಿನಿಂದಲೇ ಎಂದು ಬಹುಕಾಲ ತಜ್ಞರೂ ನಂಬಿದ್ದರು. 1958ರಲ್ಲಿ ಹ್ಯಾರಿ ಹಾರ್ಲೊ ಮರಿಕೋತಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ ಮೇಲೆ ಆ ನಂಬಿಕೆ ಅಲುಗಿತು. ಎರಡು ಬೊಂಬೆ ತಾಯಂದಿರು. ಒಂದು ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು, ಹಾಲಿಲ್ಲ. ಮರಿಗಳು ಹಸಿವಾದಾಗ ತಂತಿಯ ತಾಯಿಯ ಬಳಿ ಹೋಗಿ ಕುಡಿದು ಬಂದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿದ್ದವು. ಪ್ರಯೋಗ ಕ್ರೂರವಾದದ್ದು, ಇಂದು ಯಾರೂ ಅನುಮತಿ ಕೊಡಲಾರರು. ಆದರೆ ನಮ್ಮ ಅಜ್ಜಿಯಂದಿರು ಪ್ರಯೋಗವಿಲ್ಲದೆ ತಿಳಿದಿದ್ದ ಮಾತನ್ನು ಅದು ತೋರಿಸಿಕೊಟ್ಟಿತು. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದು, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಕಾಲು ಚಾಚಿ ಕೂತು ಅದರ ಮೇಲೆ ಮಲಗಿಸಿಕೊಳ್ಳುವ ಕೈಗೆ ಮಗು ಒಗ್ಗುತ್ತದೆ. ಆ ಕೈ ಹೆತ್ತವಳದೇ ಆಗಬೇಕೆಂದಿಲ್ಲ. ದಿನವೂ ಅದೇ ಕೈ ಬರಬೇಕು, ಅಷ್ಟೆ.

ಗುಗ್ಗರ್ ದಂಪತಿಯ ವಿಷಯದಲ್ಲಿ ಮೆಚ್ಚಬೇಕಾದ ಒಂದು ಸಂಗತಿ ಇಲ್ಲಿದೆ. ಮಗು ಕೈಗೆ ಬಂದ ಕೂಡಲೇ ಅವರು ಊರಿಗೆ ವಿಮಾನ ಹತ್ತಲಿಲ್ಲ. ಸುಮಾರು ನಾಲ್ಕು ವರ್ಷ ತಲಶ್ಶೇರಿಯಲ್ಲೇ ಇದ್ದರು. ಹಾಗಾಗಿ ಆ ಹುಡುಗನ ಮೊದಲ ಮಳೆ, ಮೊದಲ ತೊದಲು, ಮೊದಲ ಹೆಜ್ಜೆ ಎಲ್ಲ ಈ ಕರಾವಳಿಯದೇ. ಹಿಮ ಬೀಳುವ ದೇಶಕ್ಕೆ ಹೋಗುವಷ್ಟರಲ್ಲಿ ಅವನಿಗೆ ಅಪ್ಪ ಅಮ್ಮ ಗಟ್ಟಿಯಾಗಿದ್ದರು. ಊರು ಬದಲಾಯಿತು, ತೋಳು ಬದಲಾಗಲಿಲ್ಲ. ಯೋಜನೆ ಹಾಕಿ ಮಾಡಿದ್ದಲ್ಲ, ಕೆಲಸದ ಕಾರಣಕ್ಕೆ ಆದದ್ದಿರಬಹುದು. ಆದರೂ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಾರದು.

ಅಲ್ಲಿ ಬೆಳೆದ ಹುಡುಗ ಮೆಕ್ಯಾನಿಕ್ ಕೆಲಸ ಕಲಿತರು, ಲಾರಿ ಓಡಿಸಿದರು, ತೋಟದ ಕೆಲಸ ಮಾಡಿದರು, ಮುಂದೆ ಸಮಾಜಕಾರ್ಯಕ್ಕೆ ಇಳಿದರು. ವಿಂಟರ್‌ಥೂರ್ ಎಂಬ ಊರಿನಲ್ಲಿ ನೆಲೆಸಿ ರಾಜಕೀಯಕ್ಕೆ ಬಂದರು. ಎಲ್ಲರಿಗಿಂತ ಬೇರೆಯದಾದ ಮೈಬಣ್ಣದ ಹುಡುಗನಿಗೆ 'ನೀನು ಎಲ್ಲಿಂದ ಬಂದೆ?' ಎಂಬ ಪ್ರಶ್ನೆ ತಪ್ಪುವುದಿಲ್ಲ. ಅವರಿಗೆ ಅದಕ್ಕೆ ಉತ್ತರ ಗೊತ್ತಿತ್ತು. ಯಾವ ಊರು, ಯಾವ ಆಸ್ಪತ್ರೆ, ಯಾವ ವೈದ್ಯರು, ಹೆತ್ತವಳು ಏನು ಕೇಳಿಕೊಂಡಳು, ಆಕೆಯ ಹೆಸರೇನು, ಎಲ್ಲವೂ. ಸಾಕಿದವರು ಯಾವುದನ್ನೂ ಮುಚ್ಚಿಡಲಿಲ್ಲ. ಅವರಿಗೆ ಮಗಳು ಹುಟ್ಟಿದಾಗ ಹೆತ್ತ ತಾಯಿಯ ಹೆಸರನ್ನೇ ಆಕೆಗೆ ಇಟ್ಟರು. ಅಚ್ಚ ಭಾರತೀಯ ಹೆಸರು. ಸ್ವಿಟ್ಜರ್ಲೆಂಡಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅದನ್ನು ಕೂಗಲು ಅಲ್ಲಿನ ಮಾಸ್ತರರಿಗೆ ನಾಲಗೆ ಎಷ್ಟು ತಡವರಿಸಿತೋ!

ನಾಲಗೆಯ ಮಾತು ಬಂತು. ಕಡಲಾಚೆ ಹೋದ ಮಗುವಿನ ಮೊದಲ ಭಾಷೆ ಏನಾಗುತ್ತದೆ? ವಿದ್ಯಾರ್ಥಿಗಳಿಗೆ ಇದು ರುಚಿಸುವ ವಿಷಯ. 1984ರಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ಕೆನಡಾದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಆರೆಂಟು ತಿಂಗಳ ಶಿಶುಗಳಿಗೆ ಎರಡೂ ಬೇರೆ ಬೇರೆಯೆಂದು ತಿಳಿಯುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಹೊರಟುಹೋಗಿತ್ತು. ಮನೆಯಲ್ಲಿ ಕೇಳದ ಸದ್ದನ್ನು ಮಿದುಳು ಬೇಡವೆಂದು ಬದಿಗಿಡುತ್ತದೆ. ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿದ್ದವರನ್ನು 2003ರಲ್ಲಿ ಪರೀಕ್ಷಿಸಿದಾಗ, ಮೂರರಿಂದ ಎಂಟು ವರ್ಷದವರೆಗೆ ಕೊರಿಯನ್ ಮಾತಾಡಿದ್ದವರಿಗೂ ಅದು ಯಾವುದೋ ಪರಭಾಷೆಯಂತೆಯೇ ಕೇಳಿಸಿತು. ಪೂರ್ತಿ ಅಳಿಸಿಹೋಗಿದೆ ಎಂದೇ ಆಗ ತಿಳಿದರು. ಆದರೆ 2017ರಲ್ಲಿ ಹಾಲೆಂಡಿನ ಸಂಶೋಧಕರು ಬೇರೆ ಬಗೆಯಲ್ಲಿ ನೋಡಿದರು. ಅಲ್ಲಿಗೆ ದತ್ತು ಬಂದು ಬೆಳೆದ ಕೊರಿಯನ್ನರಿಗೂ ಹುಟ್ಟಾ ಡಚ್ಚರಿಗೂ ಕೊರಿಯನ್ ಅಕ್ಷರಗಳ ಉಚ್ಚಾರಣೆಯನ್ನು ಒಂದೇ ರೀತಿ ಕಲಿಸಿದರು. ದತ್ತು ಬಂದವರೇ ಬೇಗ ಕಲಿತರು. ಆರು ತಿಂಗಳೂ ತುಂಬದೆ ಊರು ಬಿಟ್ಟವರಲ್ಲೂ ಈ ಲಾಭ ಉಳಿದಿತ್ತು! ಮಾತೇ ಬಾರದ ವಯಸ್ಸಿನಲ್ಲಿ ಕೇಳಿದ ಸದ್ದು ಮೂವತ್ತು ವರ್ಷ ಎಲ್ಲೋ ಒಂದು ಮೂಲೆಯಲ್ಲಿ ಕುಳಿತಿತ್ತು.

ದೊಡ್ಡ ಮಗುವಾದರೆ ಕಷ್ಟ ಬೇರೆ ಬಗೆಯದು. ಮಧ್ಯಪ್ರದೇಶದ ಖಂಡ್ವಾದ ಶೇರು ಎಂಬ ಐದು ವರ್ಷದ ಹುಡುಗ 1986ರಲ್ಲಿ ರೈಲಿನಲ್ಲಿ ನಿದ್ದೆಹೋಗಿ ಕಲ್ಕತ್ತೆ ಸೇರಿಬಿಟ್ಟ. ತನ್ನ ಹೆಸರನ್ನೂ ಸರಿಯಾಗಿ ಹೇಳಲು ಬರದೆ 'ಸರೂ' ಎಂದ. ಮರುವರ್ಷ ಆಸ್ಟ್ರೇಲಿಯದ ಬ್ರೈರ್ಲಿ ದಂಪತಿಗೆ ದತ್ತು ಹೋದ. ಉಪಗ್ರಹದ ಚಿತ್ರಗಳಲ್ಲಿ ರೈಲುದಾರಿಗಳನ್ನು ಹಿಡಿದು ಹುಡುಕುತ್ತ ಹುಡುಕುತ್ತ 2012ರಲ್ಲಿ ಹೆತ್ತ ತಾಯಿಯ ಮುಂದೆ ಬಂದು ನಿಂತಾಗ ಇಬ್ಬರಿಗೂ ಒಂದು ಸಮಾನ ಭಾಷೆ ಉಳಿದಿರಲಿಲ್ಲ. ಈ ಕಥೆ 'ಲಯನ್' ಎಂಬ ಚಲನಚಿತ್ರವಾಗಿ ಅನೇಕರು ನೋಡಿದ್ದಾರೆ. ಅಲ್ಲಿ ಆಸ್ಟ್ರೇಲಿಯದ ತಾಯಿಯ ಬಗ್ಗೆ ಯೋಚಿಸಿದವರು ಕಡಿಮೆ. ತಾನು ಸಾಕಿದ ಮಗ ಇನ್ನೊಬ್ಬ ತಾಯಿಯನ್ನು ಹುಡುಕಲು ಹೋಗುವಾಗ ಅಡ್ಡ ನಿಲ್ಲದಿರುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು!

ನಮ್ಮ ಕಡೆಯವರಿಗೆ ಇದು ಹೊಸತೇನಲ್ಲ. ತುಳುವಿನಲ್ಲಿ 'ಪೆದ್ದಿನ ಅಪ್ಪೆ', 'ಸಾಂಕ್‌ದಿನ ಅಪ್ಪೆ' ಎಂದು ಎರಡು ಮಾತುಗಳಿವೆ, ಎರಡರ ಕೊನೆಯಲ್ಲೂ ಅಪ್ಪೆಯೇ. ಉಡುಪಿಯ ಗುಡಿಯಲ್ಲಿ ಕಡೆಗೋಲು ಹಿಡಿದು ನಿಂತಿರುವ ಬಾಲಕ ಯಾರ ಮನೆಯಲ್ಲಿ ಹುಟ್ಟಿ ಯಾರ ಮನೆಯಲ್ಲಿ ಬೆಣ್ಣೆ ತಿಂದು ಬೆಳೆದವನೆಂದು ಹೇಳಬೇಕಾಗಿಲ್ಲ. ಆ ವಿಗ್ರಹವೂ ದ್ವಾರಕೆಯಿಂದ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಮಲ್ಪೆಯ ಕಡಲಿಗೆ ಬಂತು, ಮಧ್ವಾಚಾರ್ಯರು ಅದನ್ನು ತಂದು ಪ್ರತಿಷ್ಠಾಪಿಸಿದರು ಎಂಬ ಐತಿಹ್ಯವಿದೆ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ, ಉಡುಪಿಯ ಹಿರಿಯಡ್ಕದಲ್ಲಿ ಪ್ರತಿವರ್ಷ ಸಿರಿ ಜಾತ್ರೆಗೆ ಸಾವಿರಾರು ಹೆಂಗಸರು ಸೇರುತ್ತಾರಲ್ಲ, ಆ ಸಿರಿಯೂ ಹೆತ್ತ ಹೊಟ್ಟೆಯಿಂದ ಬಂದವಳಲ್ಲ. ಮಕ್ಕಳಿಲ್ಲದ ಬೆರ್ಮು ಆಳ್ವರಿಗೆ ಅಡಿಕೆಯ ಹಿಂಗಾರದ ಪ್ರಸಾದವಾಗಿ ಒದಗಿದ ಮಗು ಅವಳು. ಪಾಡ್ದನ ಹಾಡುವವರು ಅದನ್ನು ಮುಚ್ಚಿಡುವುದಿಲ್ಲ, ಹಾಡಿನ ಆರಂಭದಲ್ಲೇ ಹೇಳಿಬಿಡುತ್ತಾರೆ.

ಹಾಡಿನಲ್ಲಿ ಹೇಳುವುದನ್ನು ಮನೆಯಲ್ಲಿ ಮಾತ್ರ ಹೇಳುವುದಿಲ್ಲ. ದತ್ತು ಮಗು ಬಂದ ಮನೆಯಲ್ಲಿ ಹಿರಿಯರು ಮಾಡುವ ಮೊದಲ ಕೆಲಸವೆಂದರೆ 'ಮಗುವಿಗೆ ತಿಳಿಯಬಾರದು' ಎಂದು ಎಲ್ಲರ ಬಾಯಿ ಕಟ್ಟುವುದು. ಬೇರೆ ಬಡಾವಣೆಗೆ ಮನೆ ಬದಲಾಯಿಸುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಕಿವಿಯಲ್ಲಿ ಹೇಳುವ ಗುಟ್ಟು ಮಗುವಿನ ಕಿವಿಗೂ ಬಿದ್ದೇ ಬೀಳುತ್ತದೆ. ಅಲ್ಲಿ ಬೀಳದಿದ್ದರೆ ಹತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ಬೀಳುತ್ತದೆ.

ಅನುವಂಶೀಯತೆಯ ಪಾಠ. ರಕ್ತದ ಗುಂಪುಗಳ ಪಟ್ಟಿ ಕರಿಹಲಗೆಯ ಮೇಲೆ ಬರುತ್ತದೆ. ತಂದೆಯದೋ ತಾಯಿಯದೋ ಎಬಿ ಗುಂಪಾದರೆ ಮಗುವಿಗೆ ಓ ಗುಂಪು ಬರುವುದಿಲ್ಲ. ಹುಡುಗಿಯೊಬ್ಬಳು ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಹೋಗಿ ಅಪ್ಪನ ಚಾಲನಾ ಪರವಾನಗಿ ತೆಗೆದು ನೋಡುತ್ತಾಳೆ. ಹದಿನೈದು ವರ್ಷ ಕಾಪಾಡಿದ ಗುಟ್ಟು ಒಂದು ಕ್ಷಣದಲ್ಲಿ ಬಯಲಾಗುತ್ತದೆ, ಅದೂ ಪರೀಕ್ಷೆಯ ವರ್ಷದಲ್ಲಿ. (ಈ ನಿಯಮಕ್ಕೂ ಅಪವಾದಗಳಿವೆ. 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ 'ಬಾಂಬೆ' ಗುಂಪಿನವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಹಾಗಾಗಿ ಪಟ್ಟಿ ನೋಡಿ ಯಾರೂ ಅವಸರದ ತೀರ್ಮಾನಕ್ಕೆ ಬರಬಾರದು.) ಇನ್ನು ಕಿವಿಯ ಹಾಲೆ ಅಂಟಿಕೊಂಡಿದೆಯೇ ಬಿಡಿಯಾಗಿದೆಯೇ, ನಾಲಗೆ ಸುರುಳಿಯಾಗುತ್ತದೆಯೇ ಎಂದು ಅಪ್ಪ ಅಮ್ಮನನ್ನು ನೋಡಿ ಬರೆದುಕೊಂಡು ಬರಲು ಹೇಳುವ ಚಟುವಟಿಕೆ ಬಹುಕಾಲದಿಂದ ನಡೆದು ಬಂದಿದೆ. ನಾಲಗೆಯ ವಿಷಯ ವಿಜ್ಞಾನವಾಗಿಯೂ ಸರಿಯಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ ಎಂದು 1952ರಲ್ಲೇ ತೋರಿಸಿದ್ದರು. ಕಿವಿಯ ಹಾಲೆಗೂ ಒಂದಲ್ಲ, ಹತ್ತಾರು ವಂಶವಾಹಿಗಳ ಕೈವಾಡ. ಮನೆಗೆ ಕಳುಹಿಸದೆ ತರಗತಿಯೊಳಗೇ ಮಕ್ಕಳ ಕಿವಿಗಳನ್ನು ಎಣಿಸಿ ಮುಗಿಸಿದರೆ ಪಾಠಕ್ಕೆ ಯಾವ ನಷ್ಟವೂ ಇಲ್ಲ. ನಲವತ್ತು ಮಕ್ಕಳ ಕೋಣೆಯಲ್ಲಿ ಯಾರ ಮನೆಯಲ್ಲಿ ಏನಿದೆಯೆಂದು ಮೇಷ್ಟ್ರಿಗೇನು ಗೊತ್ತು?

ಹೇಳುವುದಾದರೆ ಯಾವಾಗ ಹೇಳಬೇಕು ಎಂದು ತಂದೆತಾಯಿ ಕೇಳುತ್ತಾರೆ. ಯಾವತ್ತು ಹೇಳಿದರು ಎಂಬುದು ಮಗುವಿಗೆ ನೆನಪೇ ಇರದಷ್ಟು ಬೇಗ. ತೊಟ್ಟಿಲಲ್ಲಿ ಹೇಳುವ ಕಥೆಗಳ ಜೊತೆಗೇ ಇದೂ ಒಂದು ಕಥೆಯಾಗಿ ಬಂದುಬಿಟ್ಟರೆ ಅದು ಸುದ್ದಿಯಾಗುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. 1970ರ ಈ ಘಟನೆ ಓದಿ, ಪರಿಚಯದ ಆಸ್ಪತ್ರೆಯಿಂದ ನೇರವಾಗಿ ಮಗು ತಂದುಕೊಂಡರಾಯಿತು ಎಂದು ಯಾರೂ ತಿಳಿಯಬಾರದು. ಆಗಿನ ಕಾಲ ಬೇರೆ. 1956ರ ದತ್ತು ಕಾನೂನು ಹಿಂದೂಗಳಿಗೆ ಮಾತ್ರ. ವಿದೇಶಿಯರಿಗೆ ಇದ್ದದ್ದು 1890ರ ಪೋಷಕತ್ವದ ಕಾಯಿದೆ ಒಂದೇ. ನ್ಯಾಯಾಲಯದಿಂದ ಪೋಷಕರೆನಿಸಿಕೊಂಡು ಮಗುವನ್ನು ಕರೆದೊಯ್ದು ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳಬೇಕಿತ್ತು. ಈ ಸಡಿಲು ದಾರಿಯಲ್ಲಿ ಒಳ್ಳೆಯವರೂ ಹೋದರು, ಮಕ್ಕಳ ವ್ಯಾಪಾರಿಗಳೂ ಹೋದರು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 1984ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿತು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಹುಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಸ್ಥಿರೀಕರಿಸಿತು. ಈಗ ನಡೆಯುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ. ಅನಾಥ ಮಗುವನ್ನೋ ಬಿಟ್ಟುಹೋದ ಮಗುವನ್ನೋ ಈ ಕ್ರಮ ಬಿಟ್ಟು ಇಟ್ಟುಕೊಂಡರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ದಂಡ. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು ಅರವತ್ತು ದಿನಗಳ ಅವಕಾಶವಿದೆ. ಇಡೀ ಕಾನೂನಿನಲ್ಲಿ ಅತ್ಯಂತ ಕರುಣೆಯ ಸಾಲು ಬಹುಶಃ ಇದೇ.

2022ರ ಸೆಪ್ಟೆಂಬರಿನಿಂದ ಕೊನೆಯ ಆದೇಶ ಕೊಡುವವರು ನ್ಯಾಯಾಲಯದವರಲ್ಲ, ಜಿಲ್ಲಾ ದಂಡಾಧಿಕಾರಿಗಳು. ಉಡುಪಿ ಜಿಲ್ಲೆಯ ಮಗುವಾದರೆ ಕಾಗದ ಮಣಿಪಾಲದ ರಜತಾದ್ರಿಗೆ ಹೋಗುತ್ತದೆ. ಜಮೀನಿನ ಕಡತ, ನೆರೆ ಪರಿಹಾರದ ಕಡತಗಳ ನಡುವೆ ಒಂದು ಮಗುವಿಗೆ ಅಪ್ಪ ಅಮ್ಮ ಸಿಗುವ ಕಡತವೂ ಅಲ್ಲಿ ಮೇಜಿನ ಮೇಲೆ ಬಂದು ಕೂರುತ್ತದೆ.

ತೊಟ್ಟಿಲುಗಳ ಸಾಲಿನ ನಡುವೆ ನಡೆದು ಮಗುವನ್ನು ಆರಿಸುವ ಕ್ರಮವೂ ಈಗಿಲ್ಲ. ಕ್ರಿಕೆಟ್ ಬಲ್ಲ ಮಕ್ಕಳಿಗೆ ಆಸ್ಟ್ರೇಲಿಯದ ನಾಯಕಿಯಾಗಿದ್ದ ಲೀಸಾ ಸ್ಥಳೇಕರ್ ಗೊತ್ತು. 1979ರಲ್ಲಿ ಪುಣೆಯಲ್ಲಿ ಹುಟ್ಟಿ ಶ್ರೀವತ್ಸ ಅನಾಥಾಲಯದಲ್ಲಿದ್ದ ಮಗು ಆಕೆ. ಅಮೆರಿಕದಿಂದ ಬಂದ ದಂಪತಿ ಹುಡುಕಿದ್ದು ಗಂಡು ಮಗುವನ್ನು, ಕರೆದೊಯ್ದದ್ದು ಈ ಹೆಣ್ಣು ಮಗುವನ್ನು. ಅಂಥ ಆಕಸ್ಮಿಕಕ್ಕೆ ಈಗ ಎಡೆಯಿಲ್ಲ. ಹೆಸರು ನೋಂದಾಯಿಸಿ, ಮನೆಯ ಅಧ್ಯಯನ ಮುಗಿಸಿ, ಸರದಿ ಕಾಯಬೇಕು. ದೇಶದೊಳಗಿನ ಮನೆಗೇ ಮೊದಲ ಆದ್ಯತೆ. ಕಡಲಾಚೆ ಹೋಗುವ ಮಕ್ಕಳು ಹೆಚ್ಚಾಗಿ ಇಲ್ಲಿ ಯಾರೂ ಒಪ್ಪದವರು. ವಯಸ್ಸು ಮೀರಿದವರು, ಚಿಕಿತ್ಸೆ ಬೇಕಾದವರು, ಒಟ್ಟಿಗೇ ಹೋಗಬೇಕಾದ ಅಕ್ಕ ತಮ್ಮಂದಿರು. ಇಲ್ಲಿಯ ಮನೆಗಳು ಬಿಳಿಬಣ್ಣದ, ಎಳೆಯ, ನಿರೋಗಿ ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ ಏಳು ವರ್ಷದ ಹುಡುಗನೊಬ್ಬ ಪರದೇಶದವರ ಕೈಹಿಡಿದು ಹೊರಡುತ್ತಾನೆ. ಇದರಲ್ಲಿ ಅವರ ದೊಡ್ಡತನ ಎಷ್ಟೋ ನಮ್ಮ ಸಣ್ಣತನವೂ ಅಷ್ಟೇ ಇದೆ.

ಏಳು ವರ್ಷದವನ ಭೇಟಿ ಎಳೆಗೂಸಿನ ಭೇಟಿಯಂತಲ್ಲ. ಅವನಿಗೆ ಮೊದಲೇ ಫೋಟೋ ತೋರಿಸಿರುತ್ತಾರೆ, ಇವಳು ಅಮ್ಮ, ಇವನು ಅಪ್ಪ, ಇದು ನಿನ್ನ ಮಂಚ, ಇದು ನಾಯಿ. ಅವನು ಎಲ್ಲಕ್ಕೂ ತಲೆಯಾಡಿಸಿರುತ್ತಾನೆ. ನಿಜವಾಗಿ ಅವರು ಬಂದು ಬಾಗಿಲಲ್ಲಿ ನಿಂತಾಗ ಇಷ್ಟು ದಿನ ಅನ್ನ ಕಲಸಿಕೊಟ್ಟ ಆಯಾಳ ಸೆರಗಿನ ಹಿಂದೆ ಅಡಗುತ್ತಾನೆ. ಗಂಜಿ, ಒಣಮೀನು, ಚಟ್ನಿ ತಿಂದು ಬೆಳೆದ ನಾಲಗೆಗೆ ನಾಳೆಯಿಂದ ಬೆಣ್ಣೆ, ಬ್ರೆಡ್ಡು. ಹೊಟ್ಟೆನೋವು ಎಂದು ಹೇಳಲೂ ಹೊಸ ಪದ ಬೇಕು. ಬುದ್ಧಿವಂತ ತಂದೆತಾಯಿ ಬರುವ ಮೊದಲೇ ಹತ್ತು ಮಾತು ಕಲಿತು ಬರುತ್ತಾರೆ. ನೀರು, ಹಸಿವು, ನೋವು, ನಿದ್ದೆ, ಬಾ, ಹೆದರಬೇಡ. ಹೊರಡುವಾಗ ಅವನ ಹಳೆಯ ಅಂಗಿಯನ್ನೂ ಒಗೆಯದೆ ಚೀಲದಲ್ಲಿಡುತ್ತಾರೆ.

ಹೋದ ಮೇಲೆ ಎರಡು ವರ್ಷ ಅವನ ವರದಿ ಬರುತ್ತಿರಬೇಕೆಂಬ ನಿಯಮವಿದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ಹಕ್ಕೂ ಅವನಿಗಿದೆ. ಆ ದಿನ ಬಂದಾಗ ಕಡತದಲ್ಲಿ ಏನು ಸಿಗುತ್ತದೆ ಎಂಬುದು, ಇಂದು ಅದನ್ನು ತುಂಬುವ ಗುಮಾಸ್ತರು, ದಾದಿಯರು ಎಷ್ಟು ಶ್ರದ್ಧೆಯಿಂದ ಬರೆದರು ಎಂಬುದರ ಮೇಲೆ ನಿಂತಿದೆ. 'ಇಂಥ ದಿನ, ಇಂಥ ಕಡೆ ದೊರೆತ ಗಂಡು ಮಗು' ಎಂದು ಒಂದು ಸಾಲು ಗೀಚಿದ್ದರೆ ಅಷ್ಟೇ. ಮೈಮೇಲೆ ಯಾವ ಬಣ್ಣದ ಬಟ್ಟೆ ಇತ್ತು, ಯಾರು ಮೊದಲು ಎತ್ತಿಕೊಂಡರು, ಯಾವ ಹೆಸರು ಕರೆದರೆ ತಿರುಗಿ ನೋಡುತ್ತಿತ್ತು ಎಂದು ಇನ್ನೆರಡು ಸಾಲು ಬರೆದಿದ್ದರೆ ಅದು ಒಬ್ಬ ಮನುಷ್ಯನ ಆಸ್ತಿ.

ಮಿಷನ್ ಆಸ್ಪತ್ರೆಯಲ್ಲಿ 1970ರಲ್ಲಿ ಒಬ್ಬ ವೈದ್ಯರು ಹೆತ್ತವಳ ಮಾತನ್ನು ಕೇಳಿ ನೆನಪಿಟ್ಟರು, ಮಗುವನ್ನು ಕೊಡುವಾಗ ಅದರ ಜೊತೆಗೆ ಆಕೆಯ ಹೆಸರನ್ನೂ ಕೊಟ್ಟರು. ತಲಶ್ಶೇರಿಯ ದಂಪತಿ ಅದನ್ನು ಕಡಲಾಚೆಗೆ ಒಯ್ದು ಮಗ ದೊಡ್ಡವನಾಗುವವರೆಗೆ ಕಾಯ್ದಿಟ್ಟರು. ಉಡುಪಿಯ ಅಂಥದೊಂದು ಸೆಕೆಯ ದಿನ ಬರಿಗೈಯಲ್ಲಿ ಮನೆಗೆ ಹೋದ ಒಬ್ಬ ಹೆಂಗಸಿನ ಹೆಸರನ್ನು ಈಗ ವಿಂಟರ್‌ಥೂರಿನ ಮನೆಯಲ್ಲಿ ಊಟಕ್ಕೆ ಹೊತ್ತಾದಾಗ ಕರೆಯುತ್ತಾರೆ, ಮೊಮ್ಮಗಳು ಓಗೊಡುತ್ತಾಳೆ.